ಬೆಳಗಿನ ಪಾಲು

ಗಾರ್ಮೆಂಟ್ಸ್ ವ್ಯಾನಿನಿಂದ ವನಜಾ ಇಳಿಯುವ ಹೊತ್ತಿಗೆ ಅವಳ ಗಂಡ ಅವತ್ತಿನ ಮಟ್ಟಿಗೆ ಮುಗಿದುಹೋಗಿರುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅವನ ಮೋಟಾರ್ ವೈಂಡಿಂಗ್ ಅಂಗಡಿ. ಅದರ ಶಟರು ಅರ್ಧ ಇಳಿದಿರುತ್ತಿತ್ತು. ಒಳಗೆ ಲಿಂಗರಾಜು ಗೋಡೆಯ ಕಡೆ ತಿರುಗಿ, ಕಣ್ಣಿನ ಮೇಲೆ ಕೈ ಅಡ್ಡ ಇಟ್ಟುಕೊಂಡು ಮಂಚದ ಮೇಲೆ ಬಿದ್ದುಕೊಂಡಿರುತ್ತಿದ್ದ.

"ಇಟ್ಟು ತಿಂದಾ?" ಎಂದರೆ "ಊಂ."

"ಮಾತ್ರೆ?"

"ಊಂ."

"ಗಗನಾಳ ಸ್ಕೂಲಲ್ಲಿ ಮೀಟಿಂಗಂತೆ. ಯಾರ್ ಓಗೋದು, ನಾನೋ ನೀನೋ?"

ಮಗಳ ಸ್ಕೂಲಿನ ಮಾತಿಗೂ "ಊಂ."

ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆ ಚಿಕ್ಕನಂಜಮ್ಮನ ದನಿ ಬರುತ್ತಿತ್ತು. "ಬುಡು ಕಣವ್ವ, ಮನಿಕ್ಕಳ್ಳಿ. ಒತ್ತಾರೆಯೆಲ್ಲಾ ಚೆನ್ನಾಗೇ ಇದ್ದ. ಸೌಮ್ಯ ಬಂದಿದ್ಲಲ್ಲ, ಇಬ್ರೂ ಕುಂತ್ಕಂಡು ಆ ಕರಿಯಯ್ಯನ ಗದ್ದೆ ಮೋಟ್ರು ಸುತ್ತಿದ್ರು. ಇವ್ನು ಅದೇನ್ ಏಳಿದ್ನೋ, ಅವ್ಳು ನಕ್ಕಿದ್ದೂ ನಕ್ಕಿದ್ದೇ."

ಒತ್ತಾರೆಯೆಲ್ಲಾ ಚೆನ್ನಾಗೇ ಇದ್ದ. ಚಪ್ಪಲಿ ಬಿಡುವ ಮುಂಚೆಯೇ ಈ ಮಾತು ಕಿವಿಗೆ ಬಿದ್ದರೆ ವನಜಾಳಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಇಡೀ ದಿನ ಶರ್ಟಿನ ತೋಳು ಕೂಡಿಸಿ ಕೂಡಿಸಿ ಕುತ್ತಿಗೆ ಕಲ್ಲಾಗಿರುತ್ತಿತ್ತು. ಅದರ ಮೇಲೆ ಇದು.

ಎರಡು ವರ್ಷದ ಕೆಳಗೆ ಲಿಂಗರಾಜುವಿನ ಬಲಗಣ್ಣು ಇದ್ದಕ್ಕಿದ್ದಂತೆ ನೋಯುತ್ತ ಮಂಜಾಗಿತ್ತು. ಮದ್ದೂರಿನಲ್ಲಿ ತೋರಿಸಿದರು, ಸರಿಹೋಯಿತು. ಎಲ್ಲರೂ ಮರೆತ ಮೇಲೆ ಕಾಲು ಭಾರವಾಯಿತು, ಬೆರಳ ತುದಿಗಳು ಜೋಮು ಹಿಡಿದವು, ಸಂಜೆಯಾದರೆ ಮೈಯಲ್ಲಿ ಜೀವವೇ ಇಲ್ಲದಂತೆ ಸುಸ್ತು. ಮಂಡ್ಯದವರು ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಸ್ಕ್ಯಾನ್ ನೋಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ತಮ್ಮೂರು ಬೆಸಗರಹಳ್ಳಿಗೆ ಬರುವಷ್ಟರಲ್ಲಿ ಅದು 'ನರದ ಕಾಯಿಲೆ' ಎಂದಷ್ಟೇ ಉಳಿಯಿತು.

ಆ ಹೆಸರು ಹೇಳಿದ ದಿನ ವನಜಾ ಅಲ್ಲಿರಲಿಲ್ಲ. ಮಾಲು ಹೊರಡುವ ವಾರ, ರಜೆ ಕೇಳಿದ್ದಕ್ಕೆ ಸೂಪರ್‌ವೈಸರು ಗೇಟಿನ ಕಡೆ ಕೈ ತೋರಿಸಿದ್ದ. ಲಿಂಗರಾಜುವಿನ ಜೊತೆ ಮೈಸೂರಿಗೆ ಹೋದವಳು ಸೌಮ್ಯ. ಡಾಕ್ಟರು ಹೇಳಿದ್ದನ್ನೆಲ್ಲ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡವಳು ಸೌಮ್ಯ. ವನಜಾಳಿಗೆ ಸಿಕ್ಕಿದ್ದು ಮಾತ್ರೆಯ ಹೊತ್ತು ಮತ್ತು "ಏನಿಲ್ಲ ಬುಡು, ನರ ವೀಕಂತೆ" ಎಂಬ ಗಂಡನ ಒಂದು ಮಾತು.

ಸೌಮ್ಯ ಚಿಕ್ಕನಂಜಮ್ಮನ ಒಡಹುಟ್ಟಿದ ತಮ್ಮನ ಮಗಳು. ಲಿಂಗರಾಜುವಿಗೆ ಸೋದರಮಾವನ ಮಗಳು. ಆ ಕಡೆ ಸೋದರಮಾವನ ಮಗಳೆಂದರೆ ತೊಟ್ಟಿಲಲ್ಲಿ ಇರುವಾಗಲೇ ಹೆಂಗಸರು "ನಿನ್ ಎಡ್ತಿ ಅಳ್ತಾವ್ಳೆ ನೋಡ್ಲಾ" ಎಂದು ಹುಡುಗನನ್ನು ಕರೆದು ತೋರಿಸುತ್ತಾರೆ. ಲಿಂಗರಾಜುವಿಗೂ ತೋರಿಸಿದ್ದರು. ಆಮೇಲೆ ಸೌಮ್ಯಳ ಅಪ್ಪನಿಗೆ ಕಿರುಗಾವಲಿನ ಕಡೆ ಸಂಬಳದ ಗಂಡು ಸಿಕ್ಕಿತು, ಕೊಟ್ಟರು. ಅದು ಬಾಳಲಿಲ್ಲ. ಅವಳು ಅಪ್ಪನ ಮನೆಗೆ, ಅದೇ ಊರಿನ ಕೆಳಗಿನ ಬೀದಿಗೆ ವಾಪಸು ಬಂದಳು. ಲಿಂಗರಾಜುವಿನ ಬೆರಳಿಗೆ ಸಣ್ಣ ತಂತಿ ಹಿಡಿದದ್ದೇ ತಿಳಿಯದಂತಾದಾಗ ಚಿಕ್ಕನಂಜಮ್ಮನೇ ಅವಳನ್ನು ಕರೆದು ತಂದು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದಳು.

"ಯಾರಿಗೋ ಕೂಲಿ ಕೊಡೋ ಬದ್ಲು ನಮ್ಮುಡ್ಗಿಗೇ ಕೊಡಾನ."

ನಮ್ಮುಡ್ಗಿ. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆಯ ಬಾಯಲ್ಲಿ ವನಜಾ ಇನ್ನೂ 'ಮಳವಳ್ಳಿಯವಳು'.

ಸೌಮ್ಯ ಕೆಲಸ ಬೇಗ ಕಲಿತಳು. ಸುಟ್ಟ ಮೋಟಾರಿನಿಂದ ಕರಿಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಒಂದೊಂದೇ ಎಳೆಯನ್ನು ಮೇಲಿನ ಎನಾಮಲ್ ಲೇಪ ಗೀರದಂತೆ ಸಂದಿಯೊಳಗೆ ಕೂರಿಸಬೇಕು. ಲಿಂಗರಾಜು ಬಾಯಲ್ಲಿ ಹೇಳುತ್ತಿದ್ದ, ಅವಳ ಬೆರಳು ಮಾಡುತ್ತಿತ್ತು. ಒಬ್ಬನ ತಲೆ, ಇನ್ನೊಬ್ಬಳ ಕೈ. ವನಜಾ ಇದನ್ನು ನೆನೆಸಿಕೊಂಡಾಗಲೆಲ್ಲ ಹೊಲಿಗೆ ಮೆಷಿನ್ನಿನ ಪೆಡಲು ಜೋರಾಗಿ ತುಳಿಯುತ್ತಿದ್ದಳು.

ವ್ಯಾನಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ಕಾಲರ್ ಸೆಕ್ಷನ್ನಿನ ಹೊಂಬಾಳಮ್ಮ. ಅವಳ ಬಾಯಿಗೆ ಬಾಗಿಲಿರಲಿಲ್ಲ.

"ಏನಮ್ಮಿ ವನಜಿ, ನಿನ್ ಗಂಡ ಅಸಿಸ್ಟೆಂಟ್ ಮಡಿಕ್ಕಂಡವ್ನಂತೆ?"

"ಊಂ ಕಣಕ್ಕ. ಅಸಿಸ್ಟೆಂಟು."

"ನಾನೂ ಅಸಿಸ್ಟೆಂಟು ಅಂತ್ಲೇ ಅಂದಿದ್ದು. ನೀನ್ಯಾಕೆ ಮಖ ಕೆಂಪ್ ಮಾಡ್ಕತೀಯ?"

ಹಿಂದಿನ ಸೀಟಿನವರೆಲ್ಲ ನಕ್ಕರು. ವನಜಾಳೂ ನಕ್ಕಳು. ನಗದಿದ್ದರೆ ಮಾತು ಇನ್ನೂ ಉದ್ದವಾಗುತ್ತಿತ್ತು.

ಚೈತ್ರದ ಬಿಸಿಲು ಶುರುವಾಗಿದ್ದ ಒಂದು ದಿನ ಫ್ಯಾಕ್ಟರಿಯಲ್ಲಿ ಇಸ್ತ್ರಿ ವಿಭಾಗದ ಬಾಯ್ಲರು ಕೆಟ್ಟು, ಎಲ್ಲರನ್ನೂ ಹತ್ತು ಗಂಟೆಗೇ ಮನೆಗೆ ಕಳಿಸಿದರು. ವನಜಾ ಬೀದಿ ತಿರುಗುವಾಗಲೇ ಆ ನಗು ಕೇಳಿಸಿತು. ಯಾರದೆಂದು ತಕ್ಷಣ ಗೊತ್ತಾಗಲಿಲ್ಲ. ಅಂಗಡಿಯ ಬಾಗಿಲ ಪಕ್ಕ ನಿಂತು ಇಣುಕಿದಳು. ನಗುತ್ತಿದ್ದವನು ಲಿಂಗರಾಜು. ತಲೆ ಹಿಂದಕ್ಕೆ ಎಸೆದು, ಹೊಟ್ಟೆ ಅಲ್ಲಾಡಿಸಿಕೊಂಡು ನಗುತ್ತಿದ್ದ. ಯಾರದೋ ನಡಿಗೆಯನ್ನು ಕೂತಲ್ಲೇ ಅಣಕಿಸಿ ತೋರಿಸುತ್ತಿದ್ದ. ಸೌಮ್ಯ ತಂತಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, "ಅಯ್ಯೋ ಬಾವ, ಸಾಕು, ಸುತ್ತು ತಪ್ತದೆ," ಎನ್ನುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಲಿಂಗರಾಜು ಇದೇ ಅಣಕವನ್ನು ವನಜಾಳ ಎದುರು ಮಾಡುತ್ತಿದ್ದ. ಅವಳ ಅಪ್ಪನ ನಡಿಗೆಯನ್ನೇ ಮಾಡಿ ತೋರಿಸಿ, ಅವಳ ಕೈಯಲ್ಲಿ ಸೌಟಿನ ಏಟು ತಿಂದಿದ್ದ. ಆ ಲಿಂಗರಾಜು ಇನ್ನೂ ಇದ್ದಾನೆ. ಬೆಳಿಗ್ಗೆ ಹೊತ್ತು ಇರುತ್ತಾನೆ. ತನಗೆ ಮಾತ್ರ ಸಿಗುತ್ತಿಲ್ಲ.

ಒಳಗೆ ಹೋಗಲಿಲ್ಲ. ಪಕ್ಕದ ಓಣಿಯಲ್ಲಿ ಹಿಂದಿನ ಬಾಗಿಲಿಗೆ ಬಂದು, ಸದ್ದಿಲ್ಲದೆ ಪಾತ್ರೆ ತೊಳೆಯಲು ಕೂತಳು. ತೊಳೆದದ್ದನ್ನೇ ತೊಳೆದಳು. ಮಧ್ಯಾಹ್ನ ಊಟಕ್ಕೆ ಒಳಗೆ ಬಂದ ಲಿಂಗರಾಜು, "ನೀ ಯಾವಾಗ್ ಬಂದೆ?" ಎಂದ. ಆಗಲೇ ಅವನ ಮಾತು ಎಳೆಯುತ್ತಿತ್ತು. ಎರಡು ತುತ್ತಿಗೆ ಕಣ್ಣು ಮುಚ್ಚಿತು. ನಕ್ಕಿದ್ದ ಬಾಯಿ ಅದೇ. ಮೂಲೆಯಲ್ಲಿ ಇನ್ನೂ ನಗುವಿನ ಗುರುತು ಇದ್ದಂತೆ ಅವಳಿಗೆ ಕಂಡಿತು. ಒರೆಸಿಬಿಡಬೇಕು ಎನಿಸಿತು.

ಆ ಭಾನುವಾರ ಅವಳು ಬೆಳಿಗ್ಗೆ ಎದ್ದವಳೇ ಹಂಡೆಗೆ ಬೆಂಕಿ ಹಾಕಿದಳು. ಭಾನುವಾರ ಅವಳದು. ಅಂಗಡಿ ಇಲ್ಲ, ಫ್ಯಾಕ್ಟರಿ ಇಲ್ಲ. ಗಂಡನಿಗೆ ಎಣ್ಣೆನೀರು ಉಯ್ಯುವುದು ಯಾವ ಸೋದರಮಾವನ ಮಗಳ ಕೈಗೂ ಸಿಗುವ ಕೆಲಸವಲ್ಲ. ಸೋತ ಕಾಲಿಗೆ ಹರಳೆಣ್ಣೆ ತಿಕ್ಕಿ ಸುಡುಸುಡು ನೀರು ಉಯ್ದರೆ ನರ ಬಿಗಿಯಾಗುತ್ತದೆ ಎಂದು ಅವಳ ತವರಿನಲ್ಲಿ ಎಲ್ಲರೂ ನಂಬಿದ್ದರು. ಬಾಣಂತಿಯರಿಗೆ, ಬಿದ್ದು ಏಟು ಮಾಡಿಕೊಂಡವರಿಗೆ, ಉಳುಮೆ ಮಾಡಿ ಬಂದವರಿಗೆ, ಎಲ್ಲರಿಗೂ ಅದೇ ಮದ್ದು.

ಹಂಡೆ ಕುದಿಯುವ ಹೊತ್ತಿಗೆ ಸೌಮ್ಯ ಅತ್ತೆಗೆ ಸೊಪ್ಪು ಕೊಡಲು ಹಿತ್ತಲಿಗೆ ಬಂದಳು. ಹೊಗೆ ನೋಡಿದಳು, ಎಣ್ಣೆಯ ಬಟ್ಟಲು ನೋಡಿದಳು.

"ಅಕ್ಕ, ಬಾವಂಗಾ? ಬಿಸ್ನೀರು ಬ್ಯಾಡ ಕಣಕ್ಕ. ಡಾಕ್ಟ್ರು ಏಳವ್ರೆ, ಮೈ ಬಿಸಿ ಆಗ್ಬಾರ್ದಂತೆ. ಉಗುರು ಬೆಚ್ಚಗೆ..."

"ಡಾಕ್ಟ್ರು ನಿಂಗ್ ಏಳಿದ್ರಾ, ನಂಗ್ ಏಳಿದ್ರಾ?"

"ನಂಗೇ ಏಳಿದ್ದು. ಅದ್ಕೇ..."

"ಅಂಗಾರೆ ನಿನ್ ಗಂಡಂಗೆ ತಣ್ಣೀರ್ ಉಯ್ಯಿ ಓಗು. ನನ್ ಗಂಡಂಗೆ ಏನ್ ಉಯ್ಬೇಕು ಅಂತ ನಂಗೊತ್ತು."

ಸೌಮ್ಯಳ ಮುಖ ಸೊಪ್ಪಿನ ಕಟ್ಟಿನ ಹಿಂದೆ ಸಣ್ಣದಾಯಿತು. ಗಂಡನ ಮನೆ ಬಿಟ್ಟು ಬಂದವಳಿಗೆ ಆ ಮಾತು ಎಲ್ಲಿ ನಾಟುತ್ತದೆ ಎಂದು ವನಜಾಳಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ್ದಳು. ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದ ಲಿಂಗರಾಜು ಇಬ್ಬರ ಮುಖವನ್ನೂ ನೋಡಿದ.

"ಉಯ್ಲಿ ಬುಡು ಸೌಮ್ಯ," ಎಂದು ಬಚ್ಚಲಿಗೆ ಹೋಗಿ ಕಲ್ಲಿನ ಮೇಲೆ ಕೂತ.

ಗೆದ್ದೆ ಎನಿಸಿತು ವನಜಾಳಿಗೆ. ಬೆನ್ನಿಗೆ, ಮಂಡಿಗೆ, ಮೀನಖಂಡಕ್ಕೆ ಎಣ್ಣೆ ತಿಕ್ಕಿದಳು. ಮೊದಲ ಚೊಂಬು ಬಿದ್ದಾಗ ಅವನು "ಆಹಾ" ಎಂದ. ಮೇಲಿನ ಗಾಜಿನ ಹೆಂಚಿನಿಂದ ಬಿಸಿಲು ಬೀಳುತ್ತಿತ್ತು, ಹಬೆ ಅದರಲ್ಲಿ ಸುತ್ತುತ್ತಿತ್ತು.

"ಜ್ಞಾಪಕ ಅದಾ?" ಎಂದ ಲಿಂಗರಾಜು. "ಮುತ್ತತ್ತಿಗೆ ಓಗಿದ್ವಲ್ಲ, ಒಳೇಲಿ ನಿನ್ ಚಪ್ಲಿ ಕೊಚ್ಕಂಡ್ ಓಯ್ತು."

"ನೀನೇ ಎಸ್ದಿದ್ದು. ಕೊಚ್ಕಂಡ್ ಓಗ್ನಿಲ್ಲ."

"ಎಸೀನಿಲ್ಲ ಕಣಮ್ಮಿ. ಕೋತಿ ಎತ್ಕತ್ತಿತ್ತು, ಕಿತ್ಕಳಕ್ಕೋದೆ."

ಅವಳು ಇನ್ನೊಂದು ಚೊಂಬು ಉಯ್ದಳು. ಇನ್ನೊಂದು. ಮಾತು ಬರುತ್ತಿತ್ತು, ನಿಲ್ಲದಿರಲಿ ಎಂದು ಇನ್ನಷ್ಟು ಬಿಸಿ ಬೆರೆಸಿದಳು. ಕೋತಿಯ ಮಾತು ಅರ್ಧಕ್ಕೆ ನಿಂತಿತು.

"ವನಜಿ, ಲೈಟ್ ಯಾಕ್ ಆರಿಸ್ದೆ?"

ಬಚ್ಚಲಿನಲ್ಲಿ ಲೈಟೇ ಇರಲಿಲ್ಲ. ಹೆಂಚಿನ ಬಿಸಿಲು ಅವನ ಮುಖದ ಮೇಲೇ ಬಿದ್ದಿತ್ತು. ಅವನು ಏಳಲು ನೋಡಿದ. ಕಾಲು ಬರಲಿಲ್ಲ. ಎಣ್ಣೆ ಮೈ ಅವಳ ಕೈಯಿಂದ ಜಾರಿ, ಗೋಡೆಗೆ ಭುಜ ತಗುಲಿ, ಅವನು ಕಲ್ಲಿನ ಪಕ್ಕ ಕುಸಿದ. ವನಜಾ ಚೀರಿದಳು.

ಓಡಿ ಬಂದವಳು ಸೌಮ್ಯ. ಅವಳು ಹೋಗಿರಲೇ ಇಲ್ಲ. ಇಬ್ಬರೂ ಸೇರಿ ಎಳೆದು ತಂದು ಹಜಾರದಲ್ಲಿ ಮಲಗಿಸಿದರು. ಒದ್ದೆ ಟವಲನ್ನು ಕುತ್ತಿಗೆಗೆ, ಕಂಕುಳಿಗೆ ಇಡುತ್ತ, ಫ್ಯಾನು ಹತ್ತಿರಕ್ಕೆ ಎಳೆಯುತ್ತ, "ಗಗನಾ, ಅಂಗ್ಡೀಲಿ ಐಸ್ ಇಸ್ಕಂಬಾ ಓಗು, ಓಡು," ಎಂದು ಹೇಳಿದವಳೂ ಸೌಮ್ಯಳೇ. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ವನಜಾ ಒದ್ದೆ ಸೆರಗು ಹಿಡಿದುಕೊಂಡೇ ನಿಂತಿದ್ದಳು.

"ಬ್ಯಾಡಾ ಬ್ಯಾಡಾ ಅಂತ ಉಡ್ಗಿ ಬಡ್ಕಂಡ್ಳಲ್ಲವ್ವ!" ಎಂದು ಚಿಕ್ಕನಂಜಮ್ಮ ಎದೆ ತಟ್ಟಿಕೊಂಡಳು. "ನನ್ ಮಗನ್ನ ಬೇಯ್ಸಾಕ್ಬುಟ್ಯಲ್ಲ!"

ಮೈ ತಣ್ಣಗಾಗುತ್ತ ಬಂದಂತೆ ಕಣ್ಣು ಬಂತು, ಕಾಲಿನ ಬೆರಳು ಆಡಿತು. ಕಣ್ಣು ಬಿಟ್ಟವನು ಮೊದಲು ಹೇಳಿದ್ದು, "ಅವಳ್ನ ಯಾರೂ ಏನೂ ಅನ್ಬ್ಯಾಡಿ."

ಅಷ್ಟೇ ಹೇಳಿ ನಿದ್ದೆ ಹೋದ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ವನಜಾ.

ಮಾರನೆಯ ದಿನ ಅವಳು ಸೂಪರ್‌ವೈಸರನ್ನು ಕೇಳಲಿಲ್ಲ. ವ್ಯಾನು ಬಂದಾಗ "ಬರಾಕಿಲ್ಲ" ಎಂದಳು. ಗಂಡನನ್ನು ಕರೆದುಕೊಂಡು ಮೈಸೂರಿನ ಬಸ್ಸು ಹತ್ತಿದಳು.

ನರದ ಡಾಕ್ಟರು ಹೆಂಗಸು. ಕನ್ನಡಕ ಹಣೆಗೆ ಏರಿಸಿಕೊಂಡು ಕಾಲಿಗೆ ಸುತ್ತಿಗೆ ತಟ್ಟಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು.

"ಮೇಡಂ," ಎಂದಳು ವನಜಾ, "ನಂಗೆ ಮೊದ್ಲಿಂದ ಏಳಿ. ಓದ್ಸಲ ಬಂದೋಳಿಗೆ ಏನೇನ್ ಏಳಿದ್ರೋ ಅಷ್ಟೂ ಏಳಿ. ಒಂದೂ ಬುಡ್ಬ್ಯಾಡಿ."

ಡಾಕ್ಟರು ಅವಳನ್ನು ಒಮ್ಮೆ, ಲಿಂಗರಾಜುವನ್ನು ಒಮ್ಮೆ ನೋಡಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನರ ಅಂದರೆ ಒಂದು ತಂತಿ ಅಂದ್ಕೊಳ್ಳಿ. ಅದರ ಮೇಲೊಂದು ಹೊದಿಕೆ ಇರುತ್ತೆ. ಈ ಕಾಯಿಲೆಯಲ್ಲಿ ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಆ ಹೊದಿಕೆಯನ್ನ ಅಲ್ಲಲ್ಲಿ ಕಿತ್ತುಹಾಕುತ್ತೆ."

"ಎನಾಮಲ್ ಓದ ತಂತಿ ಕಣಮ್ಮಿ," ಎಂದ ಲಿಂಗರಾಜು.

"ಹೋದ್ಸಲನೂ ಇವರು ಇದನ್ನೇ ಹೇಳಿದ್ದು," ಎಂದು ಡಾಕ್ಟರು ನಕ್ಕರು. ಅದನ್ನು ಮೊದಲು ಕೇಳಿದ್ದೂ ಸೌಮ್ಯ ಎಂದು ವನಜಾ ಮನಸ್ಸಿನಲ್ಲಿ ಲೆಕ್ಕಕ್ಕೆ ಸೇರಿಸಿಕೊಂಡಳು. "ಆದರೆ ನಿಮ್ಮ ತಾಮ್ರಕ್ಕೆ ಜೀವ ಇಲ್ಲ. ಇದಕ್ಕೆ ಜೀವ ಇದೆ, ಊಟ ಬೇಕು. ನರದ ಉದ್ದಕ್ಕೂ ಒಳಗಡೆ ಸಣ್ಣ ಸಣ್ಣ ಪವರ್‌ಹೌಸುಗಳಿರುತ್ತವೆ, ಮೈಟೊಕಾಂಡ್ರಿಯ ಅಂತ. ನಿಮ್ಮ ಮಗಳ ಸ್ಕೂಲ್ ಪಾಠದಲ್ಲೂ ಇರುತ್ತೆ, ಕೇಳಿ. ಹೊದಿಕೆ ಸರಿಯಾಗಿದ್ದಾಗ ಮೆದುಳಿನ ಸುದ್ದಿ ಜಿಗಿದು ಜಿಗಿದು ಹೋಗುತ್ತೆ, ಖರ್ಚು ಕಮ್ಮಿ. ಹೊದಿಕೆ ಇಲ್ಲದ ಕಡೆ ತೆವಳಬೇಕು. ಸುದ್ದಿ ಹೋದಾಗಲೆಲ್ಲ ಸೋಡಿಯಂ ಒಳಗೆ ನುಗ್ಗುತ್ತೆ. ಅದನ್ನ ಆಚೆ ಹಾಕೋದಕ್ಕೆ ನರದ ಗೋಡೆಯಲ್ಲೇ ಪಂಪುಗಳಿವೆ. ಪಂಪು ಓಡೋದಕ್ಕೆ ಶಕ್ತಿ ಬೇಕು."

"ಕರೆಂಟು," ಎಂದ ಲಿಂಗರಾಜು.

"ಹೂಂ. ಕೆಲಸ ಜಾಸ್ತಿ ಆಯ್ತು, ಕರೆಂಟು ಜಾಸ್ತಿ ಬೇಕು. ಅದೇ ಹೊತ್ತಿಗೆ ಕಾಯಿಲೆಯ ಉರಿಯೂತ ಆ ಪವರ್‌ಹೌಸುಗಳನ್ನೂ ಕೆಡಿಸಿರುತ್ತೆ. ಬೇಕಾದಾಗಲೇ ಇಲ್ಲ. ಪಂಪು ನಿಧಾನ ಆಗುತ್ತೆ, ಸೋಡಿಯಂ ಒಳಗೇ ನಿಲ್ಲುತ್ತೆ, ಅದರ ಹಿಂದೆ ಕ್ಯಾಲ್ಸಿಯಂ ಸೇರಿಕೊಳ್ಳುತ್ತೆ. ಬಹಳ ದಿನ ಹಾಗೇ ಇದ್ದರೆ ತಂತಿ ಒಳಗಿಂದಲೇ ಹಾಳಾಗುತ್ತೆ. ಹೊದಿಕೆ ಒಂದಷ್ಟು ಮತ್ತೆ ಬೆಳೀಬಹುದು. ಹಾಳಾದ ನರ ವಾಪಸು ಬರಲ್ಲ."

ವನಜಾ ಗಂಡನ ಕಾಲಿನ ಕಡೆ ನೋಡಿದಳು. "ನಾನ್ ಬಿಸ್ನೀರ್ ಉಯ್ದಿದ್ಕೆ ಆಳಾಯ್ತಾ ಮೇಡಂ?"

"ಇಲ್ಲಮ್ಮ. ಬಿಸಿಗೆ ಹೊದಿಕೆ ಇಲ್ಲದ ಜಾಗದಲ್ಲಿ ಸುದ್ದಿ ನಿಂತುಹೋಗುತ್ತೆ. ತಣ್ಣಗಾದರೆ ಮತ್ತೆ ಓಡುತ್ತೆ. ಆದರೆ ಬಿದ್ದು ತಲೆ ಒಡೆದಿದ್ದರೆ ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಇನ್ನು ಹಾಗೆ ಮಾಡಬೇಡಿ."

"ಆ ಪವರ್‌ಹೌಸ್ಗೆ ಮಾತ್ರೆ ಇಲ್ವಾ?"

"ಈಗ ಕೊಡ್ತಿರೋದು ಹೊದಿಕೆ ಕೀಳೋದನ್ನ ಕಮ್ಮಿ ಮಾಡೋಕೆ. ಪವರ್‌ಹೌಸ್ ಸರಿಮಾಡೋಕೆ ಬಹಳ ಜನ ಹುಡುಕ್ತಾ ಇದಾರೆ. ಕೈಗೆ ಬಂದಿಲ್ಲ."

ಲಿಂಗರಾಜುವನ್ನು ನರ್ಸು ರಕ್ತ ತೆಗೆಯಲು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ವನಜಾ ಅದಕ್ಕೇ ಕಾದಿದ್ದವಳಂತೆ ಮುಂದಕ್ಕೆ ಬಾಗಿದಳು.

"ಮೇಡಂ, ಒತ್ತಾರೆ ಒತ್ನಲ್ಲಿ ಚೆನ್ನಾಗ್ ನಗ್ತಾನೆ. ಬೇರೆಯವ್ರ ಜೊತೆ. ನಾನ್ ಸಂಜೆ ಬಂದ್ರೆ ಮಾತೇ ಇಲ್ಲ. ಅದೂ ಈ ಕಾಯಿಲೇನೇಯಾ?"

ಡಾಕ್ಟರು ಕನ್ನಡಕ ಇಳಿಸಿದರು. "ಸುಸ್ತು ಈ ಕಾಯಿಲೆಯಲ್ಲಿ ತುಂಬಾ ಇರುತ್ತೆ. ಅದಕ್ಕೆ ಆ ಪವರ್‌ಹೌಸ್ ಕೆಟ್ಟಿರೋದೊಂದೇ ಕಾರಣ ಅಂತ ಹೇಳಕ್ಕಾಗಲ್ಲ, ಆದರೆ ಇದೂ ಒಂದು ಅಂತಾರೆ. ಎಷ್ಟೋ ಜನಕ್ಕೆ ಬೆಳಿಗ್ಗೆ ಇದ್ದ ಶಕ್ತಿ ಮಧ್ಯಾಹ್ನಕ್ಕೆ ಮುಗಿಯುತ್ತೆ. ಮಾತಾಡೋದು, ನಗೋದು, ಯೋಚನೆ ಮಾಡೋದು, ಎಲ್ಲಾ ಅದರಲ್ಲೇ ಖರ್ಚು."

"ಅಂಗಾರೆ ಅವ್ನಿಗೆ ನನ್ನ ಕಂಡ್ರೆ ಬ್ಯಾಸ್ರ ಅಂತಲ್ಲ?"

"ಅದನ್ನ ನಾನು ಹೇಗೆ ಹೇಳಲಿ? ಸ್ಕ್ಯಾನಲ್ಲಿ ಅದು ಕಾಣಲ್ಲಮ್ಮ. ಅವರನ್ನೇ ಕೇಳಿ. ಬೆಳಿಗ್ಗೆ ಕೇಳಿ."

ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟುವ ಮೊದಲೇ ಲಿಂಗರಾಜು ಅವಳ ಭುಜದ ಮೇಲೆ ನಿದ್ದೆ ಹೋಗಿದ್ದ. ಕಾರಣ ತಿಳಿದ ಮೇಲೆ ಹೊಟ್ಟೆಕಿಚ್ಚು ಇಳಿಯಬೇಕಿತ್ತು. ಅದು ಇಳಿಯಲಿಲ್ಲ, ಕಣ್ಣು ಬಿಟ್ಟು ಕೂತಿತು. ಇಷ್ಟು ದಿನ ಅವಳು ಅವನ ನಗುವನ್ನು ಬಾವಿಯ ನೀರಿನಂತೆ ಎಂದುಕೊಂಡಿದ್ದಳು: ಸೌಮ್ಯ ಸೇದಿಕೊಂಡರೆ ಸೇದಿಕೊಳ್ಳಲಿ, ನನಗೂ ಉಳಿದಿರುತ್ತದೆ, ಇವನೇ ಕೊಡುತ್ತಿಲ್ಲ ಎಂದು. ಈಗ ಗೊತ್ತಾಯಿತು. ಇರುವುದು ದಿನಕ್ಕೊಂದು ಬಿಂದಿಗೆ. ಸೌಮ್ಯಳಿಗೆ ಹೇಳಿದ ಒಂದೊಂದು ತಮಾಷೆಯೂ ತನಗೆ ಸಿಗಬಹುದಾಗಿದ್ದ ಒಂದು ಮಾತನ್ನು ಕುಡಿದುಕೊಂಡಿತ್ತು. ಅವಳು ಕದ್ದಿರಲಿಲ್ಲ. ಹತ್ತಿರ ಕೂತಿದ್ದಳು, ಅಷ್ಟೇ. ಸರಿಯಾದ ಹೊತ್ತಿಗೆ ಕೂತಿದ್ದಳು. ಕದ್ದಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು.

ಮಂಡ್ಯದಲ್ಲಿ ಬಸ್ಸು ನಿಂತಾಗ ಸೌತೆಕಾಯಿಯವನು ಕಿಟಕಿಗೆ ಬಂದ. ಅವಳು ಬೇಡವೆಂದು ತಲೆಯಾಡಿಸಿದಳು. ಅಲ್ಲಾಡಿದರೆ ಅವನಿಗೆ ಎಚ್ಚರವಾಗುತ್ತಿತ್ತು.

ಮಾರನೆಯ ಸಂಜೆ ಫ್ಯಾಕ್ಟರಿಯಿಂದ ಬಂದವಳು ಮನೆಗೆ ಹೋಗದೆ ನೇರ ಕೆಳಗಿನ ಬೀದಿಗೆ ನಡೆದಳು. ಸೌಮ್ಯ ನೀರಿನ ತೊಂಬೆಯ ಹತ್ತಿರ ಬಿಂದಿಗೆ ತೊಳೆಯುತ್ತಿದ್ದಳು. ವನಜಾಳನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಅವತ್ತು ಆಡ್ಬಾರ್ದ ಮಾತು ಆಡ್ಬುಟ್ಟೆ," ಎಂದಳು ವನಜಾ.

"ಆಡಿದ್ದು ಆಡಾಯ್ತಲ್ಲಕ್ಕ."

"ಒಂದು ಕೇಳ್ತೀನಿ, ಸುಳ್ಳು ಏಳ್ಬ್ಯಾಡ. ಅವನ ಜೊತೆ ಕುಂತ್ಕಂಡ್ರೆ ನಿಂಗೆ ಚೆನ್ನಾಗಿರ್ತದಾ?"

ಸೌಮ್ಯ ನಲ್ಲಿ ನಿಲ್ಲಿಸಿದಳು. "ಇರ್ತದೆ ಕಣಕ್ಕ. ಇಲ್ಲ ಅಂದ್ರೆ ಸುಳ್ಳಾಯ್ತದೆ. ಅಪ್ಪನ ಮನೇಲಿ ನನ್ ಜೊತೆ ಯಾರ್ ನಗ್ತಾರೆ? ಅದ್ಬುಟ್ಟು ಇನ್ನೇನೂ ಇಲ್ಲ. ಬೇಕಾರೆ ನಾಳೆಯಿಂದ ಬರಾಕಿಲ್ಲ."

"ಬರಾಕಿಲ್ಲ ಅಂದ್ರೆ ಮೋಟ್ರು ಯಾರ್ ಕಟ್ತಾರೆ, ನಿಮ್ಮತ್ತೆಯಾ?"

ಸೌಮ್ಯಳಿಗೆ ನಗು ಬಂತು. ವನಜಾಳಿಗೆ ಬರಲಿಲ್ಲ. ಇಲ್ಲ ಎಂದಿದ್ದರೆ ಚೆನ್ನಾಗಿತ್ತೋ, ಹೌದು ಎಂದಿದ್ದೇ ಚೆನ್ನಾಯಿತೋ ಅವಳಿಗೆ ತಿಳಿಯಲಿಲ್ಲ.

"ನೀನು ಇನ್ನೂ ಬ್ಯಾಗ ಬಾ," ಎಂದಳು. "ನಾನ್ ಎದ್ದೇಳೋ ಒತ್ಗೆ ಬಾ. ಬಂದು ಒಲೆ ಮುಂದೆ ಕುಂತ್ಕ. ಇಟ್ಟು, ಸಾರು, ಮಗೀನ ಬುತ್ತಿ, ಎಲ್ಲಾ ನೀನೇ ಮಾಡು."

"ನಾನಾ? ನಿನ್ ಅಡ್ಗೆಮನೇಲಾ?"

"ಊಂ. ವ್ಯಾನ್ ಬರೋಗಂಟ ನಾನು ನಿನ್ ಸ್ಟೂಲ್ ಮೇಲೆ ಕುಂತ್ಕತೀನಿ."

ಅಡುಗೆಮನೆಗೆ ಅತ್ತೆಯನ್ನೇ ಸರಿಯಾಗಿ ಸೇರಿಸದ ವನಜಾ ಇವಳು. ಉಪ್ಪಿನ ಜಾಡಿ ಯಾರಾದರೂ ಸರಿಸಿದರೆ ಸಂಜೆ ಬಂದು ಕಂಡುಹಿಡಿಯುತ್ತಿದ್ದಳು. ಸೌಮ್ಯ ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಂಡು, "ಸಾರಿಗೆ ಉಳಿ ಜಾಸ್ತಿ ಆದ್ರೆ ಬಯ್ಬಾರ್ದು," ಎಂದಳು.

"ಬಯ್ತೀನಿ," ಎಂದಳು ವನಜಾ.

ಮರುದಿನ ಇನ್ನೂ ಬೆಳಕು ಪೂರಾ ಹರಿದಿರಲಿಲ್ಲ. ಲಿಂಗರಾಜು ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ. ರಾತ್ರಿಯ ನಿದ್ದೆ ಅವನ ಮುಖವನ್ನು ತೊಳೆದಂತೆ ಮಾಡಿತ್ತು. ವನಜಾ ಎದುರಿನ ಸ್ಟೂಲಿನ ಮೇಲೆ ಕೂತಳು. ಒಳಗಿನಿಂದ ಸೌಮ್ಯ ಒಗ್ಗರಣೆ ಹಾಕಿದ ಸದ್ದು ಬಂತು. ಎಣ್ಣೆ ಹೆಚ್ಚು ಕಾದಿದೆ ಎಂದು ಸದ್ದಿನಲ್ಲೇ ತಿಳಿಯಿತು. ಎದ್ದು ಹೋಗದಿರಲು ಸ್ಟೂಲಿನ ಅಂಚು ಹಿಡಿದುಕೊಂಡಳು.

"ಏನಾರ ಮಾತಾಡು," ಎಂದಳು.

"ಏನ್ ಮಾತಾಡದು?"

"ಅವಳ್ಗೆ ದಿನಾ ಏನ್ ಏಳ್ತೀಯೋ ಅದು."

"ಅದು ಏಳು ಅಂದ್ರೆ ಬತ್ತದಾ?"

ಲಿಂಗರಾಜು ಕಾಫಿ ಊದಿಕೊಂಡು ರಸ್ತೆ ನೋಡಿದ. ಹಾಲಿನ ಕ್ಯಾನು ಹೊತ್ತ ಬೈಕು ಹೋಯಿತು. ಇಷ್ಟಕ್ಕೆ ಅಡುಗೆಮನೆ ಬಿಟ್ಟುಕೊಟ್ಟೆನೇ ಎಂದು ವನಜಾಳಿಗೆ ಅನಿಸಿತು. ಕೂತಲ್ಲೇ ಕುದಿದು ಕೇಳಿಬಿಟ್ಟಳು.

"ಬಿಸ್ನೀರು ಆಗಾಕಿಲ್ಲ ಅಂತ ನಂಗ್ಯಾಕ್ ಏಳ್ನಿಲ್ಲ? ಊರಿಗೆಲ್ಲಾ ಗೊತ್ತು, ಎಡ್ತಿಗ್ ಗೊತ್ತಿಲ್ಲ!"

"ಯಾವಾಗ್ ಏಳಾದು? ನೀ ಬರೋ ಒತ್ಗೆ ನಾಲ್ಗೆ ತಿರುಗಾಕಿಲ್ಲ. ಎಲ್ಲಾ ಏಳಿದ್ರೆ ನೀ ಕೆಲ್ಸ ಬುಟ್ಟು ಬಂದು ನನ್ ಮಖ ನೋಡ್ಕಂಡು ಕುಂತ್ಕತೀಯ ಅಂತ ಬ್ಯಾರೆ."

"ಅದ್ಕೆ ಅವಳ್ನ ಕುಂಡ್ರಿಸ್ಕಂಡ್ಯಾ?"

ಕಾಫಿ ಲೋಟ ಬೆಂಚಿನ ಮೇಲೆ ಟಣ್ ಎಂದು ಬಿತ್ತು. "ಏಯ್ ವನಜಿ, ಏನ್ ಅಂದ್ಕಂಡಿದ್ದೀಯ ನೀನು? ಅವತ್ತು ಫ್ಯಾಕ್ಟ್ರಿಯಿಂದ ಬ್ಯಾಗ ಬಂದು, ಆ ಬಾಗ್ಲತ್ರ ನಿಂತ್ಕಂಡು ಇಣುಕಿ, ಓಣೀಲಿ ಇಂದ್ಲು ಬಾಗ್ಲಿಗೆ ಓದ್ಯಲ್ಲ, ನಾನು ನೋಡ್ನಿಲ್ಲ ಅಂದ್ಕಂಡಾ? ಕಟ್ಕಂಡ್ ಎಡ್ತಿ ಪೊಲೀಸ್ನೋಳಂಗೆ ಇಣುಕ್ತಾಳೆ!"

ವನಜಾ ಬಾಗಿಲ ಕಡೆ ನೋಡಿ, ಮತ್ತೆ ಅವನ ಕಡೆ ತಿರುಗಿದಳು. "ನೋಡಿದ್ರೆ ಏನೂ ಗೊತ್ತಿಲ್ದಂಗೆ ಯಾವಾಗ್ ಬಂದೆ ಅಂದ್ಯಲ್ಲ, ಅವತ್ತೇ ಯಾಕ್ ಕೇಳ್ನಿಲ್ಲ?"

"ಕೇಳಾಕೆ ಸಕ್ತಿ ಎಲ್ಲಿತ್ತು? ನಿನ್ ಜೊತೆ ಜಗ್ಳ ಆಡಾದು ಅಂದ್ರೆ ಸುಮ್ನೆಯಾ? ಒಂದಿನದ್ದು ಪೂರ್ತಿ ಬೇಕಾಯ್ತದೆ!"

ಅವನ ದನಿ ಬೀದಿಗೆ ಕೇಳಿಸುವಷ್ಟು ಏರಿತ್ತು. ಹಿತ್ತಲಿನಿಂದ ಚಿಕ್ಕನಂಜಮ್ಮ ಕೂಗಿದಳು, "ಏನ್ರಲಾ ಅದು, ಬೆಳ್ ಬೆಳ್ಗೆಲಿ?" ವನಜಾ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಅವಳ್ನ ನಿಂಗೆ ಕೊಟ್ಟಿದ್ರೆ ಮದ್ವೆ ಆಯ್ತಿದ್ಯಾ?"

"ಆಯ್ತಿದ್ದೆ," ಎಂದ ಲಿಂಗರಾಜು, ಒಂದು ಚೂರೂ ತಡೆಯದೆ. "ಕೊಡ್ನಿಲ್ಲ. ನೀ ಬಂದೆ. ಈಗ ನಿನ್ ಕೈಲಿ ಬೇಯ್ತಾ ಇವ್ನಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತುಹೋಯಿತು. ವನಜಾ ಅದನ್ನು ಗಮನಿಸಿದಳು. ಆದರೂ ಎದುರಿನ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಅವನ ಕಣ್ಣು ಅಗಲವಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಬಾಯಂಚಿನಲ್ಲಿ ಕಾಫಿಯ ಗೆರೆ. ಈ ಪೂರ್ತಿ ಮನುಷ್ಯನನ್ನು ಅವಳು ಎಷ್ಟೋ ದಿನದಿಂದ ನೋಡಿರಲಿಲ್ಲ.

ರಸ್ತೆಯಲ್ಲಿ ವ್ಯಾನಿನ ಹಾರನ್ನು ಬಡಿದುಕೊಂಡಿತು.

"ಓಗು, ನಿನ್ ವ್ಯಾನ್ ಬಂತು," ಎಂದ.

"ಓಯ್ತೀನಿ. ಮಿಕ್ಕಿದ್ದು ನಾಳೆ ಒತ್ತಾರೆ ಬಯ್ಯಿ."

ಬುತ್ತಿ ತರಲು ಒಳಗೆ ಹೋದಾಗ ಸೌಮ್ಯ ತಲೆಯೆತ್ತಲಿಲ್ಲ. ಡಬ್ಬಿ ಕೈಗಿಟ್ಟಳು. ವ್ಯಾನಿನಲ್ಲಿ ಹೊಂಬಾಳಮ್ಮ ವನಜಾಳ ಗಲ್ಲ ಹಿಡಿದು ತಿರುಗಿಸಿದಳು. "ಯಾಕಮ್ಮಿ, ಅತ್ತಿದ್ಯಾ?"

"ಇಲ್ಲ ಕಣಕ್ಕ. ಗಂಡನ ಜೊತೆ ಜಗ್ಳ."

"ಅದ್ಕೆ ಇಂಗೆ ಅಲ್ಲು ಬಿಡ್ತಾ ಇದ್ದೀಯಾ?"

ಸಂಜೆ ಬಂದಾಗ ಶಟರು ಪೂರ್ತಿ ಇಳಿದಿತ್ತು. ಲಿಂಗರಾಜು ಮಂಚದ ಮೇಲಿದ್ದ. ಅವಳು ಮಾತಾಡಿಸಲಿಲ್ಲ. ಒದ್ದೆ ಬಟ್ಟೆ ತಂದು ಅವನ ಪಾದ ಒರೆಸಿ, ಫ್ಯಾನು ಅವನ ಕಡೆ ತಿರುಗಿಸಿ, ಅಡುಗೆಮನೆಗೆ ಹೋಗಿ ಉಪ್ಪಿನ ಜಾಡಿಯನ್ನು ಅದರ ಜಾಗಕ್ಕೆ ಇಟ್ಟಳು. ಚಿಕ್ಕನಂಜಮ್ಮ ಬಾಗಿಲಿಗೆ ಒರಗಿ ನಿಂತು ದೂರು ತೆಗೆದಳು.

"ಬೆಳ್ಗೆಲೇ ಅವ್ನ ಕೂಡೆ ಕಿತ್ತಾಡ್ಬುಟ್ಟು ಓದ್ಯಲ್ಲವ್ವ, ಆಮೇಲೆ ಅವ್ನು ಮಂಚ ಬುಟ್ಟು ಏಳ್ನೇ ಇಲ್ಲ. ಪಾಪ ಉಡ್ಗಿ ಒಬ್ಳೇ ಕುಂತು ಗೇಯ್ದ್ಲು. ಮಾತಿಲ್ಲ ಕತೆಯಿಲ್ಲ, ಇಡೀ ದಿನ ಅಂಗ್ಡಿ ಮಸಾಣ ಇದ್ದಂಗಿತ್ತು. ಕರಿಯಯ್ಯನ ಮೋಟ್ರು ತಿರ್ಗಾ ಸುಟ್ಟು ಬಂದಿತ್ತಲ್ಲ, ಅರ್ಧಕ್ಕೆ ಕುಂತದೆ. ಅವ್ನು ಬಂದು ಬಯ್ಕಂಡು ಓದ."

"ಅಯ್ಯೋ ಪಾಪ," ಎಂದಳು ವನಜಾ.

ನೀರಿಲ್ಲದೆ ಕರಿಯಯ್ಯನ ಬೆಳೆ ಒಣಗುತ್ತಿರಬಹುದು ಎಂದು ಅವಳಿಗೆ ಗೊತ್ತಿತ್ತು. ನಾಳೆ ಅರ್ಧ ಮಾತ್ರ ಬೈಸಿಕೊಂಡು, ಅವನ ಶಕ್ತಿಯಲ್ಲಿ ಅರ್ಧವನ್ನು ಮೋಟಾರಿಗೆ ಉಳಿಸಬೇಕು ಎಂದೂ ಅಂದುಕೊಂಡಳು. ಆದರೆ ಮುಖದ ಮೇಲೆ ನಗು ಹರಡುತ್ತಿತ್ತು, ತಡೆದರೂ ನಿಲ್ಲಲಿಲ್ಲ. ಅತ್ತೆಗೆ ಕಾಣದಿರಲೆಂದು ಒಲೆಯ ಕಡೆ ತಿರುಗಿ, ಕುದಿಯುವ ಎಸರಿಗೆ ಹಿಟ್ಟು ಹಾಕಿ, ಕೋಲು ಹಿಡಿದು ತಿರುವತೊಡಗಿದಳು.